ವಕ್ರರೇಖೆಯನ್ನು ಬಲ್ಲವನು: ವಿಲಿಯಂ ಷಾಕ್ಲಿ

ನಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ಟ್ರಾನ್ಸಿಸ್ಟರ್ ಎಂದರೆ ರೇಡಿಯೋ ಎಂದೇ ಅರ್ಥವಾಗಿತ್ತು. ಜಗಲಿಯ ಗೂಟಕ್ಕೆ ತೂಗುಬಿದ್ದು, ಹೊಲದ ಬದುವಿನ ಮೇಲೆ ಕುಳಿತು, ಚರ್ಮದ ಅಂಗಿ ತೊಟ್ಟ ಆ ಪುಟ್ಟ ಪೆಟ್ಟಿಗೆಯು ವಾರ್ತೆಯನ್ನೂ ಸಂಗೀತವನ್ನೂ ಹಳ್ಳಿಹಳ್ಳಿಗೆ ಹಂಚುತ್ತಿತ್ತು. ಪೆಟ್ಟಿಗೆಯೊಳಗೆ ಅಡಗಿದ್ದ ಕಡಲೆಕಾಳಿನ ಗಾತ್ರದ ಉಪಕರಣವೊಂದರ ಹೆಸರು ಇಡೀ ಪೆಟ್ಟಿಗೆಗೆ ಅಂಟಿಕೊಂಡಿತು. ಅವಯವದ ಹೆಸರನ್ನು ಅವಯವಿಗೆ ಇಡುವ ಈ ಪರಿಯನ್ನು ಅಲಂಕಾರಶಾಸ್ತ್ರವು ಲಕ್ಷಣೆಯೆಂದು ಕರೆಯುತ್ತದೆ. ಹೆಸರು ಹೀಗೆ ಮನೆಮಾತಾದರೂ, ಆ ಕಾಳಿನೊಳಗೆ ನಡೆಯುವುದೇನು, ಅದನ್ನು ಕಂಡುಕೊಂಡವರು ಯಾರು ಎಂಬುದನ್ನು ವಿಚಾರಿಸಿದವರು ವಿರಳ.

ಟ್ರಾನ್ಸಿಸ್ಟರಿನ ಶೋಧಕ್ಕಾಗಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು ಮೂವರು: ಜಾನ್ ಬಾರ್ಡೀನ್, ವಾಲ್ಟರ್ ಬ್ರಾಟೈನ್ ಮತ್ತು ವಿಲಿಯಂ ಷಾಕ್ಲಿ. ಇವರಲ್ಲಿ ಆ ಉಪಕರಣದ ನಡತೆಯನ್ನು ಒಂದು ಗಣಿತಸೂತ್ರದಲ್ಲಿ ಹಿಡಿದಿಟ್ಟವನು ಷಾಕ್ಲಿ. ಆ ಸೂತ್ರವು ನೇರವಾದ ಗೆರೆಯಲ್ಲ, ಬಾಗಿದ ಗೆರೆ. ಬಹುಕಾಲ ಎಂಜಿನಿಯರುಗಳು ಆ ಬಾಗನ್ನು ದೋಷವೆಂದೇ ಎಣಿಸಿದರು. ಮುಂದೆ ಆ ಬಾಗಿನಿಂದಲೇ ಅತಿ ಸೂಕ್ಷ್ಮವಾದ ಧ್ವನಿಶೋಧಕಗಳನ್ನು ಕಟ್ಟುವ ವಿದ್ಯೆ ಬೆಳೆಯಿತು. ಸೂತ್ರದ ಕಥೆ ಹೀಗೆ ಮಂಗಳವಾಗಿ ಮುಗಿದರೆ, ಸೂತ್ರಕಾರನ ಬಾಳು ಹಾಗೆ ಮುಗಿಯಲಿಲ್ಲ. ಇವೆರಡನ್ನೂ ಒಟ್ಟಿಗೆ ಹೇಳುವುದು ಈ ಲೇಖನದ ಉದ್ದೇಶ.

ಷಾಕ್ಲಿಯು 1910ನೆಯ ಇಸವಿ ಫೆಬ್ರುವರಿ 13ರಂದು ಲಂಡನ್ ನಗರದಲ್ಲಿ ಅಮೆರಿಕದ ದಂಪತಿಗಳಿಗೆ ಜನಿಸಿದನು. ತಂದೆ ಗಣಿ ಎಂಜಿನಿಯರ್, ದೇಶದೇಶಗಳನ್ನು ಸುತ್ತಿದವನು. ತಾಯಿ ಮೇ ಬ್ರಾಡ್‌ಫರ್ಡ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪದವೀಧರೆ. ಹೆಂಗಸರು ಆ ಕಡೆ ಸುಳಿಯದಿದ್ದ ಕಾಲದಲ್ಲಿ ನೆವಾಡಾ ಪ್ರಾಂತದಲ್ಲಿ ಗಣಿಗಳ ಮೋಜಣಿ ಮಾಡಿದ ಧೀರೆ. ಮಗುವಿಗೆ ಮೂರು ವರ್ಷವಾದಾಗ ಸಂಸಾರವು ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ಊರಿಗೆ ಬಂದು ನೆಲೆಸಿತು. ಶಾಲೆಗಿಂತ ಮನೆಯ ಪಾಠವೇ ಮೇಲೆಂದು ನಂಬಿದ ತಂದೆತಾಯಿಗಳು ಎಂಟು ವರ್ಷ ತುಂಬುವವರೆಗೂ ಹುಡುಗನಿಗೆ ತಾವೇ ಕಲಿಸಿದರು. ನೆರೆಮನೆಯಲ್ಲಿದ್ದ ಸ್ಟ್ಯಾನ್‌ಫರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕ ಪರ್ಲಿ ರಾಸ್ ಬಾಲಕನಿಗೆ ವಿಜ್ಞಾನದ ರುಚಿಯನ್ನು ಹತ್ತಿಸಿದನು. ಓರಗೆಯ ಮಕ್ಕಳೊಡನೆ ಬೆರೆತು, ಸೋತು, ಗೆದ್ದು, ರಾಜಿಯಾಗಿ ಕಲಿಯುವ ಪಾಠಗಳು ಮಾತ್ರ ಹುಡುಗನಿಗೆ ತಡವಾಗಿ ದೊರೆತವು.

ಆ ಬಾಲ್ಯದ ಒಂದು ಪ್ರಸಂಗವನ್ನು ವಾಚಕರು ನೆನಪಿನಲ್ಲಿಡಬೇಕು. ಸ್ಟ್ಯಾನ್‌ಫರ್ಡಿನ ಮನಶ್ಶಾಸ್ತ್ರಜ್ಞ ಲೂಯಿ ಟರ್ಮನ್ ಆ ದಿನಗಳಲ್ಲಿ ಕ್ಯಾಲಿಫೋರ್ನಿಯದ ಮಕ್ಕಳ ಬುದ್ಧಿಯನ್ನು ಅಂಕಿಯಿಂದ ಅಳೆದು, ಅಸಾಧಾರಣ ಪ್ರತಿಭೆಯುಳ್ಳವರನ್ನು ಆರಿಸಿ, ಅವರ ಬಾಳನ್ನು ಅನುಸರಿಸಿ ನೋಡುವ ದೊಡ್ಡ ಯೋಜನೆಯೊಂದನ್ನು ಕೈಗೊಂಡಿದ್ದನು. ಷಾಕ್ಲಿಯನ್ನು ಎರಡು ಬಾರಿ ಅಳೆದರು. ಎರಡು ಬಾರಿಯೂ ಅವನು ನಿಗದಿಯಾದ ಗೆರೆಯನ್ನು ಮುಟ್ಟಲಿಲ್ಲ. ಆಯ್ಕೆಯಾದ ಸುಮಾರು 1,500 ಮಕ್ಕಳಲ್ಲಿ ಒಬ್ಬರಿಗೂ ಮುಂದೆ ನೊಬೆಲ್ ಪಾರಿತೋಷಕ ಬರಲಿಲ್ಲ; ಕೈಬಿಟ್ಟ ಈ ಹುಡುಗನಿಗೆ ಬಂದಿತು. ಅಳತೆಗೋಲು ತಪ್ಪಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಅವನಿಗೆ ಬೇಕಿರಲಿಲ್ಲ.

1925ರಲ್ಲಿ ತಂದೆ ತೀರಿಕೊಂಡನು. ಷಾಕ್ಲಿ 1932ರಲ್ಲಿ ಕ್ಯಾಲಿಫೋರ್ನಿಯ ತಾಂತ್ರಿಕ ವಿದ್ಯಾಸಂಸ್ಥೆಯಿಂದ ಪದವಿಯನ್ನೂ, 1936ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಿಂದ ಡಾಕ್ಟರೇಟನ್ನೂ ಪಡೆದನು. ಉಪ್ಪಿನ ಹರಳಿನಲ್ಲಿ ಎಲೆಕ್ಟ್ರಾನುಗಳು ಹೇಗೆ ವರ್ತಿಸುತ್ತವೆಂಬುದು ಅವನ ಮಹಾಪ್ರಬಂಧದ ವಿಷಯ. ಅದೇ ವರ್ಷ ಅವನು ಬೆಲ್ ಟೆಲಿಫೋನ್ ಪ್ರಯೋಗಶಾಲೆಯನ್ನು ಸೇರಿದನು. ಅಲ್ಲಿನ ಸಂಶೋಧನಾ ಮುಖ್ಯಸ್ಥ ಮರ್ವಿನ್ ಕೆಲ್ಲಿಯು, ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಸದ್ದುಮಾಡುತ್ತ ಸವೆಯುವ ಲೋಹದ ಕೀಲುಗಳ ಬದಲು ಎಲೆಕ್ಟ್ರಾನುಗಳೇ ಕೆಲಸಮಾಡುವ ದಿನ ಬರಬೇಕೆಂದು ಆ ತರುಣನಿಗೆ ಹೇಳಿದನು. ಆ ಮಾತು ಅವನ ಮನಸ್ಸಿನಲ್ಲಿ ಬೇರೂರಿತು.

ಟೆಲಿಫೋನಿನ ಜನರಿಗೆ ಆಗ ಇನ್ನೊಂದು ಚಿಂತೆಯೂ ಇತ್ತು. 1927ರಿಂದ ಅಟ್ಲಾಂಟಿಕ್ ಸಾಗರದ ಆಚೆಗೂ ಈಚೆಗೂ ರೇಡಿಯೋ ಮೂಲಕ ಸಂಭಾಷಣೆ ನಡೆಯುತ್ತಿತ್ತು. ಮನುಷ್ಯನ ದನಿ ಏರಿದಾಗ ಬಲು ಏರುತ್ತದೆ, ಇಳಿದಾಗ ಬಲು ಇಳಿಯುತ್ತದೆ. ಇಳಿದ ದನಿಯನ್ನು ಆಕಾಶದ ಗದ್ದಲ ನುಂಗಿಹಾಕುತ್ತಿತ್ತು. ಇದಕ್ಕೆ 1930ರ ದಶಕದ ಆದಿಯಲ್ಲಿ ಒಂದು ಉಪಾಯವನ್ನು ಬಳಕೆಗೆ ತಂದರು. ಕಳುಹಿಸುವ ಕಡೆಯಲ್ಲಿ ಮೆಲುದನಿಯನ್ನು ಎತ್ತಿ, ಏರುದನಿಯನ್ನು ತಗ್ಗಿಸಿ, ದನಿಯ ಹರಹನ್ನು ಕುಗ್ಗಿಸುವುದು. ಪಡೆಯುವ ಕಡೆಯಲ್ಲಿ ಅದಕ್ಕೆ ಸರಿಯಾದ ವಿಲೋಮಕ್ರಮದಿಂದ ಮತ್ತೆ ಹಿಗ್ಗಿಸುವುದು. ಅರವತ್ತು ಡೆಸಿಬೆಲ್ಲುಗಳ ಹರಹು, ಎಂದರೆ ಹತ್ತು ಲಕ್ಷಕ್ಕೆ ಒಂದರ ಶಕ್ತಿಭೇದ, ದಾರಿಯಲ್ಲಿ ಮೂವತ್ತು ಡೆಸಿಬೆಲ್ಲುಗಳಿಗೆ, ಎಂದರೆ ಸಾವಿರಕ್ಕೆ ಒಂದಕ್ಕೆ ಇಳಿಯುತ್ತಿತ್ತು. ಕುಗ್ಗಿಸುವ, ಹಿಗ್ಗಿಸುವ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಈ ವಿಧಾನಕ್ಕೆ ಕಂಪ್ಯಾಂಡಿಂಗ್ ಎಂದು ಹೆಸರಿಟ್ಟರು.

ನಮ್ಮ ಶಾಸ್ತ್ರಗ್ರಂಥಗಳ ಪರಿಚಯವಿದ್ದವರಿಗೆ ಈ ಉಪಾಯ ಹೊಸದೆನಿಸದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವ್ಯಾಕರಣದ ನಿಯಮವನ್ನು ಕಂದಪದ್ಯದ ಸೂತ್ರವಾಗಿ ಅಡಕಮಾಡಿ, ಅದರ ಬೆನ್ನಿಗೇ ಗದ್ಯದ ವೃತ್ತಿಯಲ್ಲಿ ಅದನ್ನು ಬಿಡಿಸಿಟ್ಟನು. ಸೂತ್ರವು ಅಡಕವಾದ್ದರಿಂದ ಕಂಠದಲ್ಲಿ ನಿಲ್ಲುತ್ತದೆ, ದಾರಿಯಲ್ಲಿ ಕೆಡುವುದಿಲ್ಲ. ಆದರೆ ಅಡಕಮಾಡಿದ ಕ್ರಮವನ್ನೇ ಅರಿತು ಬಿಡಿಸಬೇಕು. ಸೂತ್ರ ಒಂದು ನಿಯಮದ್ದು, ವೃತ್ತಿ ಇನ್ನೊಂದರದ್ದು ಆದರೆ ಅರ್ಥಕ್ಕೆ ಅಪಾರ್ಥ. ಕಂಪ್ಯಾಂಡಿಂಗಿನ ಧರ್ಮವೂ ಇದೇ.

ಎರಡನೆಯ ಮಹಾಯುದ್ಧವು ಷಾಕ್ಲಿಯನ್ನು ಪ್ರಯೋಗಶಾಲೆಯಿಂದ ಹೊರಕ್ಕೆಳೆಯಿತು. ಜಲಾಂತರ್ಗಾಮಿಗಳ ಬೇಟೆ, ಬಾಂಬರುಗಳ ರೇಡಾರ್ ಶಿಕ್ಷಣ ಮೊದಲಾದ ವಿಷಯಗಳಿಗೆ ಅವನು ಸಂಖ್ಯಾಶಾಸ್ತ್ರವನ್ನು ಅನ್ವಯಿಸಿ ಸೈನ್ಯಕ್ಕೆ ನೆರವಾದನು. ಇದಕ್ಕಾಗಿ 1946ರಲ್ಲಿ ಗೌರವಪದಕವನ್ನೂ ಪಡೆದನು. ಜನಸಮೂಹದ ಆಗುಹೋಗುಗಳನ್ನು ಅಂಕಿಗಳಿಗೆ ಇಳಿಸಿ ನಿರ್ಣಯಿಸಬಹುದೆಂಬ ವಿಶ್ವಾಸವು ಈ ಕಾಲದಲ್ಲಿ ಅವನಲ್ಲಿ ಬಲಿಯಿತೆಂದು ತೋರುತ್ತದೆ.

1945ರಲ್ಲಿ ಬೆಲ್ ಪ್ರಯೋಗಶಾಲೆಗೆ ಮರಳಿದ ಷಾಕ್ಲಿಯು ಘನವಸ್ತುಗಳ ಭೌತಶಾಸ್ತ್ರವನ್ನು ಶೋಧಿಸುವ ತಂಡಕ್ಕೆ ನಾಯಕರಲ್ಲೊಬ್ಬನಾದನು. ಮಿತಭಾಷಿಯಾದ ಸಿದ್ಧಾಂತಿ ಬಾರ್ಡೀನ್, ಕೈಚಳಕದ ಪ್ರಯೋಗಕಾರ ಬ್ರಾಟೈನ್ ಆ ತಂಡದಲ್ಲಿದ್ದರು. ಅರೆವಾಹಕದ ಮೇಲೆ ವಿದ್ಯುತ್ ಕ್ಷೇತ್ರವನ್ನು ಹಾಯಿಸಿ ಪ್ರವಾಹವನ್ನು ನಿಯಂತ್ರಿಸಬಹುದೆಂಬ ಷಾಕ್ಲಿಯ ಮೊದಲ ಯೋಜನೆ ಫಲಿಸಲಿಲ್ಲ. ಹರಳಿನ ಮೇಲ್ಮೈಯಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಕ್ಷೇತ್ರಕ್ಕೆ ಅಡ್ಡಗೋಡೆಯಾಗುತ್ತವೆಂದು ಬಾರ್ಡೀನ್ ಕಾರಣವನ್ನು ತೋರಿಸಿದನು. ಆ ಎಳೆಯನ್ನು ಹಿಡಿದು ಹೊರಟ ಬಾರ್ಡೀನ್ ಮತ್ತು ಬ್ರಾಟೈನರು 1947ನೆಯ ಇಸವಿ ಡಿಸೆಂಬರ್ 16ರಂದು ಗುರಿಯನ್ನು ಮುಟ್ಟಿದರು. ಪ್ಲಾಸ್ಟಿಕ್ ತ್ರಿಕೋನವೊಂದಕ್ಕೆ ಚಿನ್ನದ ತಗಡನ್ನು ಸುತ್ತಿ, ಅದರ ತುದಿಯನ್ನು ಕ್ಷೌರದ ಅಲಗಿನಿಂದ ಸೀಳಿ, ಕೂದಲೆಳೆಯಷ್ಟು ಅಂತರದ ಎರಡು ಮೊನೆಗಳನ್ನು ಜರ್ಮೇನಿಯಂ ಹರಳಿನ ಮೇಲೆ ಒತ್ತಿದಾಗ, ಸಣ್ಣ ಸಂಕೇತವು ದೊಡ್ಡದಾಗಿ ಹೊರಬಂದಿತು. ಡಿಸೆಂಬರ್ 23ರಂದು ಹಿರಿಯ ಅಧಿಕಾರಿಗಳೆದುರು ಅದರ ಮೂಲಕ ಮಾತನಾಡಿ ತೋರಿಸಿದರು. ಜಾನ್ ಪಿಯರ್ಸ್ ಎಂಬ ಸಹೋದ್ಯೋಗಿ ಅದಕ್ಕೆ ಟ್ರಾನ್ಸಿಸ್ಟರ್ ಎಂದು ನಾಮಕರಣ ಮಾಡಿದನು. 1948ರ ಜೂನ್ 30ರಂದು ಲೋಕಕ್ಕೆ ಸುದ್ದಿ ತಿಳಿಯಿತು.

ತಂಡದ ಗೆಲುವು ನಾಯಕನಿಗೆ ಸಂತೋಷವನ್ನು ತರಬೇಕಷ್ಟೆ. ಷಾಕ್ಲಿಗೆ ಸಂತೋಷದೊಡನೆ ಸಂಕಟವೂ ಆಯಿತು. ವರ್ಷಗಳಿಂದ ತಾನು ಅರಸಿದ ವಸ್ತು ತನ್ನ ಕೈಯಲ್ಲಿ ಅರಳಲಿಲ್ಲವಲ್ಲ ಎಂಬ ಕುದಿ ಅವನನ್ನು ಸುಟ್ಟಿತು. ಪೇಟೆಂಟ್ ಪತ್ರದಲ್ಲಿ ತನ್ನ ಹೆಸರೇ ಮುಂದಿರಬೇಕೆಂದು ಅವನು ವಾದಿಸಿದನು. ಆದರೆ ಅವನ ಮೂಲಯೋಜನೆಯನ್ನು ಹೋಲುವ ಪೇಟೆಂಟನ್ನು ಲಿಲಿಯನ್‌ಫೆಲ್ಡ್ ಎಂಬಾತನು ಬಹು ಹಿಂದೆಯೇ ಪಡೆದಿದ್ದುದರಿಂದ ವಕೀಲರು ಅದನ್ನು ಕೈಬಿಟ್ಟರು. ಹೊಸ ವರ್ಷದ ಹಿಂದುಮುಂದಿನ ದಿನಗಳಲ್ಲಿ ಶಿಕಾಗೋ ನಗರದ ಹೋಟೆಲೊಂದರಲ್ಲಿ ಏಕಾಂತವಾಗಿ ಕುಳಿತು ಅವನು ಹಾಳೆಗಟ್ಟಲೆ ಬರೆದನು. 1948ರ ಜನವರಿ 23ರಂದು ಚಿತ್ರ ಪೂರ್ಣವಾಯಿತು. ಮೊನೆಗಳ ತಾಗುವಿಕೆಯನ್ನು ಬಿಟ್ಟು, ಹರಳಿನ ಒಡಲಲ್ಲಿಯೇ ಮೂರು ಪದರಗಳನ್ನು ಜೋಡಿಸಿದ ಸಂಧಿ ಟ್ರಾನ್ಸಿಸ್ಟರಿನ ಕಲ್ಪನೆ ಅದು. ಇದನ್ನು ಅವನು ಸಂಗಡಿಗರಿಗೂ ತಿಳಿಸದೆ ಫೆಬ್ರುವರಿಯವರೆಗೆ ಬಚ್ಚಿಟ್ಟನು. ಅಸೂಯೆಯಿಂದ ಹುಟ್ಟಿದ ಕೃತಿಗಳೆಲ್ಲ ಕೆಟ್ಟವಾಗಬೇಕೆಂದಿಲ್ಲ. ಇದು ಶತಮಾನದ ಶ್ರೇಷ್ಠ ಕಲ್ಪನೆಗಳಲ್ಲೊಂದಾಯಿತು. ಮಾರ್ಗನ್ ಸ್ಪಾರ್ಕ್ಸ್ ಮತ್ತು ಗಾರ್ಡನ್ ಟೀಲ್ 1950ರಲ್ಲಿ ಅದನ್ನು ಹರಳಿನಲ್ಲಿ ಬೆಳೆಸಿ ತೋರಿಸಿದರು.

1949ರಲ್ಲಿ ಷಾಕ್ಲಿಯು ಪ್ರಕಟಿಸಿದ ಸಂಧಿಸಿದ್ಧಾಂತವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಎರಡು ಬಗೆಯ ಅರೆವಾಹಕಗಳು ಕೂಡುವಲ್ಲಿ ಒಂದು ಏರಿ ಇರುತ್ತದೆ. ವಿದ್ಯುತ್ಕಣಗಳು ಅದನ್ನು ಹತ್ತಿ ದಾಟಬೇಕು. ಎಲ್ಲ ಕಣಗಳ ಕಸುವೂ ಸಮನಲ್ಲ. ಕಸುವು ಹೆಚ್ಚಿದಂತೆ ಅಂಥ ಕಣಗಳ ಸಂಖ್ಯೆ ಒಂದೇ ಪ್ರಮಾಣದಲ್ಲಿ ಭಾಗವಾಗುತ್ತ ಇಳಿಯುತ್ತದೆ. ಆದ್ದರಿಂದ ವೋಲ್ಟೇಜ್ ಕೊಟ್ಟು ಏರಿಯನ್ನು ಒಂದೊಂದು ಮೆಟ್ಟಿಲು ತಗ್ಗಿಸಿದರೆ, ದಾಟುವ ಪ್ರವಾಹವು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಸಾಧಾರಣ ಉಷ್ಣತೆಯಲ್ಲಿ ಪ್ರತಿ 60 ಮಿಲಿವೋಲ್ಟಿಗೂ ಪ್ರವಾಹವು ಹತ್ತು ಪಟ್ಟಾಗುತ್ತದೆ. ಒಂದು ನ್ಯಾನೊ ಆಂಪಿಯರಿನಿಂದ ಒಂದು ಮಿಲಿ ಆಂಪಿಯರಿಗೆ, ಎಂದರೆ ಹತ್ತು ಲಕ್ಷ ಪಟ್ಟಿಗೆ ಏರಲು ಬೇಕಾದುದು ಕೇವಲ 360 ಮಿಲಿವೋಲ್ಟ್. ಗಣಿತಜ್ಞರು ಇದನ್ನು ಘಾತೀಯ ನಿಯಮವೆನ್ನುತ್ತಾರೆ. ತಿರುಗಿಸಿ ನೋಡಿದರೆ, ವೋಲ್ಟೇಜು ಪ್ರವಾಹದ ಲಾಗರಿದಮ್ ಆಗುತ್ತದೆ.

ಧ್ವನಿಯನ್ನು ವರ್ಧಿಸುವ ಎಂಜಿನಿಯರಿಗೆ ಬೇಕಾದುದು ಇದಲ್ಲ. ಒಳಬಂದುದು ಇಮ್ಮಡಿಯಾದರೆ ಹೊರಬರುವುದೂ ಇಮ್ಮಡಿಯಾಗಬೇಕು. ಇಲ್ಲವಾದರೆ ವೀಣೆಯ ನಾದಕ್ಕೆ ವೀಣೆಯದಲ್ಲದ ಸ್ವರಗಳು ಬೆರೆಯುತ್ತವೆ. ಘಾತೀಯ ವಕ್ರರೇಖೆಯ ಮೇಲೆ 5 ಮಿಲಿವೋಲ್ಟಿನ ಅಲೆಯನ್ನು ಹಾಯಿಸಿದರೂ ಶೇಕಡ 5ರಷ್ಟು ವಿಕಾರ ಹುಟ್ಟುತ್ತದೆ. ಆದಕಾರಣ ಅವರು ಸಂಕೇತವನ್ನು ಕಿರಿದಾಗಿಟ್ಟು, ವಕ್ರರೇಖೆಯ ಒಂದು ಚೂರನ್ನು ಮಾತ್ರ ಬಳಸಿ, ಅದನ್ನೇ ಸರಳರೇಖೆಯೆಂದು ಭಾವಿಸಿ ಕಾಲ ಕಳೆದರು. ಸಂಕೇತ ಕಿರಿದಾದಷ್ಟೂ ಗದ್ದಲದ ಭಯ ಹೆಚ್ಚು. ಬಾಗಿನಿಂದ ಪಾರಾಗಲು ಹೋಗಿ ಗದ್ದಲಕ್ಕೆ ಸಿಕ್ಕುವ ಈ ಇಕ್ಕಟ್ಟು ಬಹುಕಾಲ ತೀರಲಿಲ್ಲ.

ಇತ್ತ ಷಾಕ್ಲಿಯ ತಂಡ ಒಡೆಯಿತು. ಹೊಸ ಕೆಲಸದಿಂದ ತಮ್ಮನ್ನು ದೂರವಿಡಲಾಗುತ್ತಿದೆಯೆಂದು ಮನನೊಂದ ಬಾರ್ಡೀನ್ 1951ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಹೊರಟುಹೋದನು. ಅಲ್ಲಿ ಅತಿವಾಹಕತೆಯ ಸಿದ್ಧಾಂತಕ್ಕಾಗಿ 1972ರಲ್ಲಿ ಎರಡನೆಯ ಬಾರಿಗೆ ಭೌತಶಾಸ್ತ್ರದ ನೊಬೆಲನ್ನು ಪಡೆದನು. ಬ್ರಾಟೈನ್ ತನ್ನನ್ನು ಬೇರೆ ವಿಭಾಗಕ್ಕೆ ವರ್ಗಮಾಡಿಸಿಕೊಂಡನು. ಷಾಕ್ಲಿಯ ವಿದ್ವತ್ತನ್ನು ಒಪ್ಪದವರಿರಲಿಲ್ಲ. ಆದರೂ ಪ್ರಯೋಗಶಾಲೆಯ ಉನ್ನತ ಪದವಿಗಳು ಅವನಿಗೆ ದೊರೆಯಲಿಲ್ಲ. ಆಗ ಅವನು ಸ್ವತಂತ್ರವಾಗಿ ಉದ್ಯಮ ಹೂಡಲು ನಿಶ್ಚಯಿಸಿದನು. ಆರ್ನಲ್ಡ್ ಬೆಕ್‌ಮನ್ ಹಣವೊದಗಿಸಿದನು. ವೃದ್ಧೆಯಾದ ತಾಯಿ ಇದ್ದ ಪಾಲೊ ಆಲ್ಟೊ ಊರಿಗೆ ಹತ್ತಿರವಾದ ಮೌಂಟನ್ ವ್ಯೂನಲ್ಲಿ 1956ರಲ್ಲಿ ಷಾಕ್ಲಿ ಅರೆವಾಹಕ ಪ್ರಯೋಗಶಾಲೆ ಆರಂಭವಾಯಿತು. ಅಂದು ಹಣ್ಣಿನ ತೋಟಗಳಿಂದ ತುಂಬಿದ್ದ ಆ ಕಣಿವೆಯೇ ಮುಂದೆ ಸಿಲಿಕಾನ್ ಕಣಿವೆಯೆಂದು ಪ್ರಸಿದ್ಧವಾಯಿತು.

ಅದೇ ವರ್ಷದ ಚಳಿಗಾಲದಲ್ಲಿ ಮೂವರೂ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಸ್ವೀಕರಿಸಿದರು. ಸಮಾರಂಭದ ರಾತ್ರಿ ಹೋಟೆಲಿನ ಮೇಜೊಂದರ ಬಳಿ ಬಾರ್ಡೀನ್ ಮತ್ತು ಬ್ರಾಟೈನರು ಕುಳಿತಿದ್ದಲ್ಲಿಗೆ ಷಾಕ್ಲಿಯೂ ಬಂದು ಸೇರಿದನು. ಹಳೆಯ ಕಹಿಯನ್ನು ಮರೆತು ಮೂವರೂ ಸ್ವಲ್ಪ ಹೊತ್ತು ಗೆಳೆಯರಂತೆ ನಕ್ಕು ನಲಿದರು. ಅಂಥ ಗಳಿಗೆ ಅವರ ಪಾಲಿಗೆ ಮತ್ತೆ ಬರಲಿಲ್ಲ.

ಹೊಸ ಪ್ರಯೋಗಶಾಲೆಗೆ ಷಾಕ್ಲಿಯು ದೇಶದ ಮೂಲೆಮೂಲೆಗಳಿಂದ ಪ್ರತಿಭಾವಂತ ತರುಣರನ್ನು ಆರಿಸಿ ತಂದನು. ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್, ಜಾನ್ ಹೋರ್ನಿ ಇವರಲ್ಲಿದ್ದರು. ಆರಿಸುವ ಕಣ್ಣು ಅವನಿಗೆ ಅದ್ಭುತವಾಗಿತ್ತು. ಆರಿಸಿದವರೊಡನೆ ಬಾಳುವ ಮನಸ್ಸಿರಲಿಲ್ಲ. ಸೇರಬಂದವರನ್ನು ಮನಶ್ಶಾಸ್ತ್ರದ ಪರೀಕ್ಷೆಗಳಿಗೆ ಒಡ್ಡಿದನು. ಎಲ್ಲರ ಸಂಬಳದ ಪಟ್ಟಿಯನ್ನೂ ಎಲ್ಲರಿಗೂ ಕಾಣುವಂತೆ ಅಂಟಿಸಿದನು. ಒಬ್ಬರು ಕಂಡುಹಿಡಿದುದನ್ನು ಇನ್ನೊಬ್ಬರಿಂದ ಪರೀಕ್ಷಿಸಿ ನೋಡುವವರೆಗೂ ನಂಬುತ್ತಿರಲಿಲ್ಲ. ಕಚೇರಿಯ ನೌಕರಳೊಬ್ಬಳ ಕೈಗೆ ಬಾಗಿಲಿನಲ್ಲಿದ್ದ ಚೂಪಾದ ಲೋಹದ ಚೂರೊಂದು ತಗುಲಿ ಗಾಯವಾದಾಗ, ಯಾರೋ ಬೇಕೆಂದೇ ಮಾಡಿದ ದ್ರೋಹವೆಂದು ಬಗೆದು ಸುಳ್ಳುಪತ್ತೆಯ ಯಂತ್ರದಿಂದ ಎಲ್ಲರನ್ನೂ ಪರೀಕ್ಷಿಸಬೇಕೆಂದನು. ಕೊನೆಗೆ ನೋಡಿದರೆ ಅದು ತಲೆ ಮುರಿದ ಕಾಗದದ ಮೊಳೆ. ಸಿಲಿಕಾನ್ ಟ್ರಾನ್ಸಿಸ್ಟರನ್ನು ಬದಿಗಿಟ್ಟು ತನಗೆ ಪ್ರಿಯವಾದ ನಾಲ್ಕು ಪದರಗಳ ಡಯೋಡಿನ ಬೆನ್ನುಹತ್ತಿದುದು ಸಹನೆಯ ಕಟ್ಟೆಯನ್ನೊಡೆಯಿತು. 1957ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಒಟ್ಟಿಗೆ ರಾಜೀನಾಮೆ ಕೊಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಸಂಸ್ಥೆಯನ್ನು ಕಟ್ಟಿದರು. ಷಾಕ್ಲಿಯ ಪ್ರಯೋಗಶಾಲೆ ಮತ್ತೆ ತಲೆಯೆತ್ತಲಿಲ್ಲ. 1960ರಲ್ಲಿ ಪರರ ಪಾಲಾಯಿತು.

ಅವನನ್ನು ಬಿಟ್ಟುಹೋದವರೇ ಅವನ ಸೂತ್ರಕ್ಕೆ ಹೊಸ ಬಾಳು ಕೊಟ್ಟರೆಂಬುದು ವಿಧಿಯ ವಿಚಿತ್ರ. 1959ರಲ್ಲಿ ಹೋರ್ನಿಯು ಸಿಲಿಕಾನ್ ಬಿಲ್ಲೆಯ ಮೇಲ್ಮೈಯಲ್ಲಿಯೇ ಟ್ರಾನ್ಸಿಸ್ಟರುಗಳನ್ನು ಸಮತಲವಾಗಿ ಅಚ್ಚೊತ್ತುವ ವಿಧಾನವನ್ನು ಸಾಧಿಸಿದನು. ಅದೇ ವರ್ಷ ನಾಯ್ಸ್ ಅದರ ಆಧಾರದಿಂದ ಒಂದೇ ಚೂರಿನ ಮೇಲೆ ಇಡೀ ವಿದ್ಯುನ್ಮಂಡಲವನ್ನು ರಚಿಸುವ ದಾರಿಯನ್ನು ತೋರಿಸಿದನು. ಒಂದೇ ಚೂರಿನ ಮೇಲೆ, ಒಂದೇ ಪಾಕದಲ್ಲಿ, ಒಂದೇ ಉಷ್ಣತೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರುಗಳು ಅವಳಿಜವಳಿಗಳಂತೆ ಪರಸ್ಪರ ಹೊಂದುತ್ತವೆ. ಒಂದರ ಬಾಗು ಹೇಗೋ ಇನ್ನೊಂದರ ಬಾಗೂ ಹಾಗೆಯೇ. ಹೀಗಾದ ಮೇಲೆ ಬಾಗಿಗೆ ಅಂಜಬೇಕಾದ ಕಾರಣವೇ ಉಳಿಯಲಿಲ್ಲ. ಒಂದು ಟ್ರಾನ್ಸಿಸ್ಟರು ಬಾಗಿಸಿದುದನ್ನು ಮತ್ತೊಂದು ನೆಟ್ಟಗೆ ಮಾಡಬಲ್ಲುದು. 1968ರಲ್ಲಿ ಬ್ಯಾರಿ ಗಿಲ್ಬರ್ಟ್ ಎಂಬ ವಿನ್ಯಾಸಕಾರನು ಈ ತತ್ತ್ವದಿಂದ ನಿಖರವಾಗಿ ಗುಣಿಸುವ ಮಂಡಲವನ್ನು ಪ್ರಕಟಿಸಿದನು. ಲಾಗರಿದಮ್ಮುಗಳನ್ನು ಕೂಡಿದರೆ ಸಂಖ್ಯೆಗಳನ್ನು ಗುಣಿಸಿದಂತೆ, ಕಳೆದರೆ ಭಾಗಿಸಿದಂತೆ ಎಂದು ಶಾಲೆಯಲ್ಲಿ ಕಲಿತ ಪಾಠವನ್ನು ಟ್ರಾನ್ಸಿಸ್ಟರುಗಳು ತಾವಾಗಿಯೇ ಒಪ್ಪಿಸಿದವು.

ಉಳಿದುದು ಶೋಧಕ. ನಾನಾ ಸ್ವರಗಳು ಬೆರೆತ ಸಂಕೇತದಿಂದ ಬೇಕಾದುವನ್ನು ಬಿಟ್ಟುಕೊಂಡು ಬೇಡವಾದುವನ್ನು ತಡೆಯುವ, ಫಿಲ್ಟರ್ ಎಂದು ಎಲ್ಲರೂ ಕರೆಯುವ ಮಂಡಲವಿದು. ಇದರ ಜೀವಾಳ ಕೆಪಾಸಿಟರ್. ಅದು ವಿದ್ಯುತ್ತಿನ ತೊಟ್ಟಿ. ತೊಟ್ಟಿ ತುಂಬಲು ಕಾಲ ಬೇಕು. ಆದಕಾರಣ ನಿಧಾನದ ಅಲೆಗಳು ಅದರಲ್ಲಿ ಏರಿಳಿಯುತ್ತವೆ, ಅವಸರದ ಅಲೆಗಳು ಏರುವ ಮೊದಲೇ ಅಳಿಯುತ್ತವೆ. ಇಂಥ ಶೋಧಕದ ಮುಂದೆ ಕುಗ್ಗಿಸುವ ಟ್ರಾನ್ಸಿಸ್ಟರನ್ನೂ ಹಿಂದೆ ಹಿಗ್ಗಿಸುವ ಟ್ರಾನ್ಸಿಸ್ಟರನ್ನೂ ಸುಮ್ಮನೆ ಇರಿಸಿದರೆ ಸಾಕೆ ಎಂದು ವಾಚಕರು ಕೇಳಬಹುದು. ಸಾಲದು. ತೊಟ್ಟಿಗೆ ಹಿಂದಿನದರ ನೆನಪುಂಟು. ಕುಗ್ಗಿದ ಅಲೆಯನ್ನು ಹಿಂದಿನ ಕುಗ್ಗಿದ ಅಲೆಯೊಡನೆ ಅದು ಬೆರೆಸುತ್ತದೆ. ಹಾಗೆ ಬೆರೆತುದನ್ನು ಹಿಗ್ಗಿಸಿದಾಗ ಮೂಲದ ರೂಪ ಕೈಗೆ ಬಾರದು. ಮೊತ್ತದ ಲಾಗರಿದಮ್ ಬೇರೆ, ಲಾಗರಿದಮ್ಮುಗಳ ಮೊತ್ತ ಬೇರೆ. ಆದ್ದರಿಂದ ನಡುವಿನ ಶೋಧಕವೂ ತಕ್ಕಂತೆ ಬಾಗಿರಬೇಕು. 1979ರಲ್ಲಿ ರಾಬರ್ಟ್ ಆಡಮ್ಸ್ ಎಂಬ ಧ್ವನಿ ಎಂಜಿನಿಯರು ಈ ರಹಸ್ಯವನ್ನು ಹೊರಗೆಡಹಿದನು. 1990ರಲ್ಲಿ ಎವರ್ಟ್ ಸೇವಿಂಕ್ ಸ್ವತಂತ್ರವಾಗಿ ಇದೇ ದಾರಿಗೆ ಬಂದು ಅದನ್ನು ಕಂಪ್ಯಾಂಡಿಂಗ್ ಎಂದು ಗುರುತಿಸಿದನು. 1993ರಲ್ಲಿ ಡಗ್ಲಸ್ ಫ್ರೇ ಎಂತಹ ಶೋಧಕವನ್ನಾದರೂ ಹೀಗೆ ಕಟ್ಟುವ ಸಾಮಾನ್ಯ ವಿಧಾನವನ್ನು ಕೊಟ್ಟನು.

ವಿನ್ಯಾಸದ ತಿರುಳು ಇಷ್ಟು. ಘಾತೀಯ ವಕ್ರರೇಖೆಗೆ ಒಂದು ವಿಶೇಷ ಗುಣವಿದೆ: ಅದು ಏರುವ ವೇಗವು ಅದರ ಆಗಿನ ಎತ್ತರಕ್ಕೆ ಅನುಗುಣವಾಗಿರುತ್ತದೆ. ಆದಕಾರಣ ಹೊರಬರುವ ಪ್ರವಾಹವು ಬದಲಾಗುವ ವೇಗವು, ಆ ಪ್ರವಾಹವನ್ನು ಕೆಪಾಸಿಟರಿನ ಪ್ರವಾಹದಿಂದ ಗುಣಿಸಿದ ಲಬ್ಧವನ್ನು ಅನುಸರಿಸುತ್ತದೆ. ಈ ಗುಣಾಕಾರವೇ ವಕ್ರತೆಗೆ ಮೂಲ. ವಿನ್ಯಾಸಕಾರನು ಮೊದಲು ಒಳಬರುವ ಪ್ರವಾಹವನ್ನು ಹೊರಬರುವ ಪ್ರವಾಹದಿಂದ ಭಾಗಿಸಿ, ಒಂದು ಸ್ಥಿರಪ್ರವಾಹದಿಂದ ಗುಣಿಸಿ, ಅದೇ ಸ್ಥಿರಪ್ರವಾಹವನ್ನು ಕಳೆದು, ಉಳಿದುದನ್ನು ಕೆಪಾಸಿಟರಿಗೆ ಉಣಿಸುತ್ತಾನೆ. ಈ ಗಣಿತವನ್ನೆಲ್ಲ ನಾಲ್ಕು ಟ್ರಾನ್ಸಿಸ್ಟರುಗಳ ಒಂದು ಬಳಸು ಮಾಡಿಮುಗಿಸುತ್ತದೆ. ಭಾಗಾಕಾರವೂ ಗುಣಾಕಾರವೂ ಪರಸ್ಪರ ಅಳಿದು, ಹೊರಗಿನಿಂದ ನೋಡುವವನಿಗೆ ಒಳಬಂದುದಕ್ಕೂ ಹೊರಹೋದುದಕ್ಕೂ ಇರುವ ಅಂತರವಷ್ಟೇ ಉಳಿಯುತ್ತದೆ. ಅದು ಅಪ್ಪಟ ಸರಳ ಶೋಧಕದ ಸಮೀಕರಣ. ಒಳಗೆ ಯಾವ ತಂತಿಯ ಮೇಲಿನ ಅಲೆಯೂ ನೆಟ್ಟಗಿಲ್ಲ; ಹೊರಗೆ ಎಲ್ಲವೂ ನೆಟ್ಟಗೆ.

ಸ್ಥಿರಪ್ರವಾಹವನ್ನು ಬದಲಿಸಿದರೆ ಶೋಧಕದ ಗಡಿಯೂ ಸರಿಯುತ್ತದೆ. 100 ಪೈಕೊ ಫ್ಯಾರಡಿನ ಕೆಪಾಸಿಟರಿಗೆ ಒಂದು ಮೈಕ್ರೊ ಆಂಪಿಯರ್ ಕೊಟ್ಟರೆ ಗಡಿ ಸುಮಾರು 62 ಕಿಲೊ ಹರ್ಟ್ಸ್. ಅದರ ನೂರನೆಯ ಒಂದು ಪಾಲು ಕೊಟ್ಟರೆ 620 ಹರ್ಟ್ಸಿನ ಆಸುಪಾಸು. ಒಳಗಿನ ವೋಲ್ಟೇಜು ಕೆಲವೇ ಹತ್ತು ಮಿಲಿವೋಲ್ಟುಗಳಷ್ಟು ಆಡುವುದರಿಂದ ಒಂದು ಪುಟ್ಟ ಬ್ಯಾಟರಿಯೇ ಸಾಕಾಗುತ್ತದೆ. ಈ ಕಾರಣದಿಂದಲೇ ಶ್ರವಣಸಾಧನಗಳ ಸಂಶೋಧಕರು ಇದರತ್ತ ಒಲಿದರು. ಆದರೆ ಎಚ್ಚರಿಕೆಗಳೂ ಉಂಟು. ಪ್ರವಾಹವು ಸದಾ ಒಂದೇ ದಿಕ್ಕಿನಲ್ಲಿರಬೇಕು; ಸೊನ್ನೆಯ ಕೆಳಗಿನ ಸಂಖ್ಯೆಗೆ ಲಾಗರಿದಮ್ ಇಲ್ಲವಷ್ಟೆ. ಉಷ್ಣತೆ ಏರಿದರೆ ನಿಯಮದ ಅಳತೆ ಬದಲಾಗುವುದರಿಂದ, ಸ್ಥಿರಪ್ರವಾಹವೂ ಅದಕ್ಕೆ ತಕ್ಕಂತೆ ಏರಬೇಕು. ಎಲ್ಲಕ್ಕೂ ಮಿಗಿಲಾಗಿ ಟ್ರಾನ್ಸಿಸ್ಟರುಗಳು ಪರಸ್ಪರ ಹೊಂದಬೇಕು. ಹೊಂದಿಕೆ ತಪ್ಪಿದರೆ ಅಡಗಿದ್ದ ವಕ್ರತೆಯೆಲ್ಲ ಹೊರಗೆ ತೋರುತ್ತದೆ.

ಈ ವಿದ್ಯೆಯು ಮೊಳೆಯುತ್ತಿದ್ದ ವರ್ಷಗಳಲ್ಲಿ ಅದರ ಮೂಲಪುರುಷನ ಮನಸ್ಸು ಬೇರೆಡೆಗೆ ಹೋಗಿತ್ತು. 1961ರಲ್ಲಿ ಮೋಟಾರು ಅಪಘಾತದಲ್ಲಿ ಅವನಿಗೆ ತೀವ್ರವಾದ ಪೆಟ್ಟುಬಿದ್ದಿತು. 1963ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕನಾದನು. ಅಲ್ಲಿಂದಾಚೆಗೆ ಮನುಷ್ಯಕುಲದ ಬುದ್ಧಿ ಕ್ಷೀಣಿಸುತ್ತಿದೆಯೆಂಬ ಭೂತ ಅವನನ್ನು ಹಿಡಿಯಿತು. ಬುದ್ಧಿಯ ಪರೀಕ್ಷೆಗಳ ಅಂಕಿಗಳನ್ನು ಆಧಾರವಾಗಿಟ್ಟುಕೊಂಡು, ಅಮೆರಿಕದ ಕರಿಯ ಜನರು ಹುಟ್ಟಿನಿಂದಲೇ ಕಡಿಮೆ ಬುದ್ಧಿಯವರೆಂದು ಸಾರತೊಡಗಿದನು. ಕಡಿಮೆ ಅಂಕಿಯವರಿಗೆ ಹಣ ಕೊಟ್ಟು ಸಂತಾನಶಕ್ತಿಹರಣ ಮಾಡಿಸಬೇಕೆಂಬ ಸಲಹೆಯನ್ನೂ ಮುಂದಿಟ್ಟನು. ಅನುವಂಶಶಾಸ್ತ್ರದಲ್ಲಿ ಅವನಿಗೆ ಶಿಕ್ಷಣವಿರಲಿಲ್ಲ. ಬಡತನ, ಬಹಿಷ್ಕಾರ, ಶಾಲೆಯಿಲ್ಲದ ಬಾಲ್ಯ ಇವು ಅಂಕಿಗಳ ಮೇಲೆ ಬೀರುವ ಪ್ರಭಾವವನ್ನು ಬಲ್ಲವರು ಎತ್ತಿ ತೋರಿಸಿದರೂ ಅವನು ಕಿವಿಗೊಡಲಿಲ್ಲ. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅವನ ಮನವಿಗಳನ್ನು ಮತ್ತೆ ಮತ್ತೆ ತಳ್ಳಿಹಾಕಿತು. ಅವನ ವಿಚಾರಗಳನ್ನು ನಾಜಿಗಳ ಪ್ರಯೋಗಗಳಿಗೆ ಹೋಲಿಸಿ ಬರೆದ ಪತ್ರಿಕೆಯೊಂದರ ಮೇಲೆ ಅವನು ಮಾನನಷ್ಟದ ಮೊಕದ್ದಮೆ ಹೂಡಿದನು. 1984ರಲ್ಲಿ ಪಂಚಾಯಿತರು ಅವನ ಪರವಾಗಿ ತೀರ್ಪು ಕೊಟ್ಟು, ಪರಿಹಾರವಾಗಿ ಒಂದು ಡಾಲರನ್ನು ಕೊಡಿಸಿದರು. 1982ರಲ್ಲಿ ಸೆನೆಟ್ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯಾಗಲು ನಿಂತು ಎಂಟನೆಯವನಾಗಿ ಸೋತನು.

ಬಾಲ್ಯದಲ್ಲಿ ಯಾವ ಅಳತೆಗೋಲು ತನ್ನನ್ನು ಎರಡು ಬಾರಿ ತಪ್ಪಾಗಿ ಅಳೆಯಿತೋ ಅದೇ ಕೋಲಿನಿಂದ ಅವನು ಕೋಟ್ಯಂತರ ಜನರನ್ನು ಅಳೆಯಹೊರಟನು. ಒಂದು ಪ್ರವಾಹದ ಬಾಗನ್ನು ತಾಳ್ಮೆಯಿಂದ ಅರಿತವನಿಗೆ ಒಂದು ಜನಾಂಗದ ಇತಿಹಾಸದ ಬಾಗನ್ನು ಅರಿಯುವ ತಾಳ್ಮೆ ಇರಲಿಲ್ಲ. ಈ ತಪ್ಪನ್ನು ಮಹಾಪುರುಷನ ಚಾಪಲ್ಯವೆಂದು ತೇಲಿಸಿಬಿಡುವುದು ಉಚಿತವಲ್ಲ. ಅವನ ಮಾತಿಗೆ ನೊಬೆಲಿನ ಮುದ್ರೆಯಿದ್ದುದರಿಂದಲೇ ಅದರಿಂದಾದ ನೋವೂ ದೊಡ್ಡದಾಯಿತು. ಹುಟ್ಟಿನಿಂದಲೇ ಮನುಷ್ಯರನ್ನು ಮೇಲುಕೀಳೆಂದು ವಿಂಗಡಿಸಿದ ಸಮಾಜದ ಗಾಯಗಳನ್ನು ಕಂಡಿರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1989ನೆಯ ಇಸವಿ ಆಗಸ್ಟ್ 12ರಂದು, ತನ್ನ 79ನೆಯ ವಯಸ್ಸಿನಲ್ಲಿ, ಷಾಕ್ಲಿ ಸ್ಟ್ಯಾನ್‌ಫರ್ಡಿನ ತನ್ನ ಮನೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡನು. ಎರಡನೆಯ ಪತ್ನಿ ಎಮಿ ಕಡೆಯವರೆಗೂ ಜೊತೆಗಿದ್ದಳು. ಗೆಳೆಯರು ಬಹುಮಟ್ಟಿಗೆ ದೂರವಾಗಿದ್ದರು; ಮಕ್ಕಳಿಗೆ ತಂದೆಯ ಸಾವಿನ ಸುದ್ದಿ ಪತ್ರಿಕೆಗಳಿಂದ ತಿಳಿಯಿತೆಂದು ಚರಿತ್ರಕಾರರು ಬರೆಯುತ್ತಾರೆ. ಅವನ ಪ್ರಯೋಗಶಾಲೆಯಿಂದ ಹೊರಬಿದ್ದವರು ಕಟ್ಟಿದ ಸಂಸ್ಥೆಗಳು ಆ ವೇಳೆಗೆ ಲೋಕವನ್ನೇ ಬದಲಿಸಿದ್ದವು.

ವಿದ್ಯಾರ್ಥಿಗಳು ಇಂದಿಗೂ ಡಯೋಡಿನ ಪಾಠದಲ್ಲಿ ಷಾಕ್ಲಿಯ ಸಮೀಕರಣವನ್ನು ಓದುತ್ತಾರೆ, ಓದಲೇಬೇಕು. ಮನುಷ್ಯರ ವಿಷಯದಲ್ಲಿ ಅವನು ಬರೆದುದನ್ನು ಎಚ್ಚರಿಕೆಯ ಪಾಠವಾಗಿ ಮಾತ್ರ ಓದಬೇಕು. ಅವನ ಸಮೀಕರಣದ ಮೇಲೆ ಕಟ್ಟಿದ ಶೋಧಕವು ಒಂದು ಟ್ರಾನ್ಸಿಸ್ಟರಿನಿಂದ ಆಗುವಂಥದಲ್ಲ. ಬಾಗಿಸುವುದಕ್ಕೆ ಒಂದು ಬೇಕು. ಅದನ್ನು ಅರಿತು ಬಿಡಿಸುವುದಕ್ಕೆ ಅದೇ ಗುಣದ ಇನ್ನೊಂದು ಜೊತೆಗಿರಬೇಕು. ಬಾರ್ಡೀನ್, ಬ್ರಾಟೈನ್ ಮತ್ತು ಆ ಎಂಟು ಮಂದಿ ತರುಣರು ಹಾಗೆ ಷಾಕ್ಲಿಯ ಜೊತೆಗಿದ್ದರು. ಅವರನ್ನು ಅವನು ಉಳಿಸಿಕೊಳ್ಳಲಿಲ್ಲ.